ಮೈಕು ನನ್ನ ಸಾಲಿಗೆ ಬರುವ ಹೊತ್ತಿಗೆ

ದೀಪ ಹಾಕಿಬಿಟ್ಟರು, ಇಷ್ಟು ಬೇಗ ಹಾಕಬಾರದಿತ್ತು, ಕಣ್ಣು ಚುಚ್ಚುತ್ತಿದೆ, ಎಲ್ಲರೂ ಒಮ್ಮೆಗೇ ಮುಖ ಕಿವುಚಿಕೊಂಡಿದ್ದಾರೆ, ಪರದೆ ಈಗ ಬರೀ ಬಟ್ಟೆ, ಬಲಮೂಲೆಯಲ್ಲಿ ಹೊಲಿಗೆ ಬಿಟ್ಟಿದೆ, ಈಗಷ್ಟೇ ಅದೇ ಬಟ್ಟೆಯ ಮೇಲೆ ನನ್ನ ಅಕ್ಕನ ಶೂ ನಿಂತಿತ್ತು — ಅಕ್ಕನದಲ್ಲ, ಅಂಥದ್ದೇ ಇನ್ನೊಂದು, ಯಾರೋ ನಟಿಯದು — ಆದರೆ ಮೆಟ್ಟಿಲ ತಿರುವಿನಲ್ಲಿ, ಹಿಮ್ಮಡಿಯನ್ನು ಗೋಡೆಗೆ ಆನಿಸಿಕೊಂಡು, ಮೂತಿ ಹೊರಗೆ ಮಾಡಿಕೊಂಡು, ಯಾರನ್ನೋ ಕಾಯುವ ಹಾಗೆ ನೆಟ್ಟಗೆ, ಅದು ಹಾಗೆ ನಿಂತಿದ್ದನ್ನು ನೋಡಿದವಳು ಈ ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ, ಇಷ್ಟು ವರ್ಷ, ನಾನೊಬ್ಬಳೇ. ಪಕ್ಕದ ಕುರ್ಚಿಯ ಗಂಡಸು ಮೈಮುರಿಯುತ್ತಾ ಹೆಂಡತಿಯ ಕಡೆ ತಿರುಗಿದ, ಮುಗೀತಾ, ಒಳ್ಳೇ ನಿದ್ದೆ ಬಂತು ಕಣೇ. ಗೊತ್ತಾಯ್ತು ಬಿಡಿ, ಎಂದಳು ಅವಳು, ಕೊಲೆ ಆಗೋ ಹೊತ್ತಿಗೆ ಸರಿಯಾಗಿ ಗೊರಕೆ ಶುರು ಮಾಡಿದ್ರಿ, ನಾನು ಸಿನಿಮಾದಲ್ಲೇ ಬರ್ತಿರೋ ಸದ್ದು ಅಂದ್ಕೊಂಡೆ. ನಗಬೇಕು ಅನ್ನಿಸುತ್ತದೆ, ತುಟಿ ಅಂಟಿಕೊಂಡಿವೆ, ನೀರಿನ ಬಾಟಲಿ ಚೀಲದಲ್ಲಿದೆ.

ವೇದಿಕೆಯ ಮೇಲೆ ಮೇಜು ತಂದಿಟ್ಟರು, ಮೇಜಿನ ಹಿಂದೆ ಭಾವನನ್ನು ತಂದು ಕೂರಿಸಿದರು, ಎರಡನ್ನೂ ಒಂದೇ ಥರ, ಕಾಲು ಅಲ್ಲಾಡದ ಹಾಗೆ ನೋಡಿಕೊಂಡು. ಅಕ್ಕನ ಗಂಡ, ಆದ್ದರಿಂದ ಭಾವ, ಬೇರೆ ಪದ ನಾಲಗೆಗೆ ಬರುವುದಿಲ್ಲ, ಮನಸ್ಸಿನಲ್ಲಿ ಎಷ್ಟು ಸಲ ಅವನ ಕತ್ತು ಹಿಚುಕಿದ್ದೇನೋ ಅಷ್ಟು ಸಲವೂ ಭಾವ ಎಂದು ಕರೆದೇ ಹಿಚುಕಿದ್ದೇನೆ. ಇಲ್ಲಿ ಕೂತವರಿಗೆಲ್ಲ ಅವರು ನಿರ್ದೇಶಕರು, ‘ಬೆಳಕಿನ ಬೆನ್ನು’ ಎಂಬ ಒಂದೇ ಒಂದು ಅಪರಾಧ ಚಿತ್ರ ಮಾಡಿ, ಅದು ಓಡದೆ, ಮೂಲೆ ಸೇರಿದ್ದ ಮಹಾನುಭಾವರು. ಎಲ್ಲೋ ಉಗ್ರಾಣದಲ್ಲಿ ರೀಲಿನ ಡಬ್ಬಿ ಸಿಕ್ಕಿತಂತೆ, ತೊಳೆದು ಒರೆಸಿದರಂತೆ, ಈಗ ಪತ್ರಿಕೆಗಳಲ್ಲಿ ಕಪ್ಪು-ಬಿಳುಪಿನ ಕಳೆದುಹೋದ ರತ್ನ ಎಂದು ಬರೆಯುತ್ತಾರೆ. ಚಿತ್ರಸಂಘದ ಕಾರ್ಯದರ್ಶಿ ನನ್ನ ಕನ್ನಡಕದ ಅಂಗಡಿಗೆ ಓದುವ ಕನ್ನಡಕ ಒಯ್ಯಲು ಬಂದವನು ಪೋಸ್ಟರಿನ ಸುರುಳಿ ಬಿಚ್ಚಿ ತೋರಿಸಿದ್ದ, ಮೇಡಂ, ನಿಮ್ಮ ಬಾಗಿಲಿಗೆ ಇದೊಂದು ಅಂಟಿಸ್ಲಾ, ಭಾನುವಾರ ಮಧ್ಯಾಹ್ನ, ಸಿನಿಮಾ ಆದ್ಮೇಲೆ ನಿರ್ದೇಶಕರ ಜೊತೆ ಪ್ರೇಕ್ಷಕರ ಮಾತುಕತೆ. ಅಂಟಿಸಿ, ಎಂದೆ. ಅಂಟುಪಟ್ಟಿಯನ್ನು ಹಲ್ಲಿನಿಂದ ಹರಿದು ಕೊಟ್ಟವಳೂ ನಾನೇ. ಆಮೇಲೆ ವಾರವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಇಡುತ್ತಾ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ಕೇಳುತ್ತಾ, ಒಳಗೊಳಗೇ ಒಂದು ಮಾತನ್ನು ಮಸೆಯುತ್ತಿದ್ದೆ: ಆ ಸಿನಿಮಾದ ಹೆಂಗಸು ತೊಟ್ಟಿರುವ ಕೋಟು ಸತ್ತ ನನ್ನ ಅಕ್ಕನದು, ಅದನ್ನು ಕದ್ದವನು ಈ ಮನುಷ್ಯ. ಅಷ್ಟನ್ನು ಎಲ್ಲರೆದುರು ಹೇಳಿ ಅವನ ಮುಖ ಕಪ್ಪಿಡುವುದನ್ನು ನೋಡಿ ಮನೆಗೆ ಹೋಗುವುದು ಎಂದುಕೊಂಡು ಬಂದವಳು ನಾನು. ಕೋಟು! ಈಗ ಕೋಟು ಯಾರಿಗೆ ಬೇಕು.

ಮೈಕು ಮುಂದಿನ ಸಾಲಿನಿಂದ ಹೊರಟಿದೆ, ಮೊದಲು ಗಡ್ಡದ ಮೇಷ್ಟರು, ಎರಡು ಸಲ ಊದಿ ನೋಡಿದರು, ನೋಡಿ, ಈ ಚಿತ್ರದಲ್ಲಿ ನಿಜವಾದ ಪಾತ್ರ ಅಂದ್ರೆ ನೆರಳು, ಗಂಡ ಯಾವಾಗ್ಲೂ ಬೆಳಕಲ್ಲಿ ಕೂತಿರ್ತಾನೆ, ಹೆಂಡತಿ ಬಾಗಿಲ ಹತ್ರ ಕತ್ತಲಲ್ಲಿ ನಿಂತಿರ್ತಾಳೆ, ಅಲ್ಲೇ ನಮಗೆ ಗೊತ್ತಾಗುತ್ತೆ ಯಾರು ಏನು ಅಂತ. ನಿಮಗೆ ಗೊತ್ತಾಗುತ್ತೆ ಮೇಷ್ಟ್ರೇ, ಬಹಳ ಗೊತ್ತಾಗುತ್ತೆ, ನನ್ನ ಅಕ್ಕ ಕತ್ತಲಲ್ಲಿ ನಿಂತವಳಲ್ಲ, ದೀಪ ಆರಿಸದೆ ನಿದ್ದೆ ಹೋಗಿ ದಿನಾ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದವಳು. ಕಥೆ ಎಂದರೆ ಇಷ್ಟೇ, ಹಸುವಿನಂಥ ಗಂಡ, ಹಾವಿನಂಥ ಹೆಂಡತಿ, ಗಂಡ ಬಿದ್ದು ಸಾಯಲಿ ಎಂದು ಅವಳು ಮೆಟ್ಟಿಲ ರೇಲಿಂಗಿನ ತಿರುಪು ಸಡಿಲಿಸುತ್ತಾಳೆ, ಕೊನೆಗೆ ತಾನೇ ಅವಸರದಲ್ಲಿ ಇಳಿಯುತ್ತಾ ಅದಕ್ಕೆ ಕೈಯೂರಿ ಉರುಳುತ್ತಾಳೆ, ಗಂಡ ಪಾಪ ಎಲ್ಲೋ ದೂರದಲ್ಲಿ ಕೆಲಸದಲ್ಲಿರುತ್ತಾನೆ, ಬಂದು ಅಳುತ್ತಾನೆ. ಉಣ್ಣೆಯ ಟೊಪ್ಪಿಯ ಮುದುಕರ ಕೈಗೆ ಮೈಕು ಹೋಯಿತು, ನಂಗೆ ನೆರಳು-ಗಿರಳು ಗೊತ್ತಿಲ್ಲ, ಆದ್ರೆ ಕೊನೆ ಮಾತ್ರ ಬಹಳ ತೃಪ್ತಿ ಕೊಡ್ತು ಸಾರ್, ಆ ಯಮ್ಮಂಗೆ ತಕ್ಕ ಶಾಸ್ತಿ ಆಯ್ತು, ಅಂಥೋರು ಇರ್ತಾರೆ, ನಮ್ಮ ಬೀದೀಲೇ ಒಬ್ಳಿದಾಳೆ. ಎಲ್ಲರೂ ನಕ್ಕರು. ಭಾವನೂ ನಕ್ಕ, ಅದೇ ನಗು, ಮೊದಲು ಮೂಗು ಅರಳಿ ಆಮೇಲೆ ಬಾಯಿ ಬಿಡುವುದು. ನಗು ಭಾವ, ಇನ್ನೊಂದು ಸ್ವಲ್ಪ ನಗು, ನನ್ನ ಸಾಲು ಇನ್ನೂ ದೂರ ಇದೆ.

ಆವತ್ತೂ ನಕ್ಕಿದ್ದರು ಜನ, ಸೀಟಿ ಹೊಡೆದಿದ್ದರು, ಸಿನಿಮಾ ಮೊದಲು ಬಿಡುಗಡೆಯಾದಾಗ, ಅಕ್ಕ ಹೋಗಿ ಇನ್ನೂ ಮನೆಯಲ್ಲಿ ಯಾರೂ ಜೋರಾಗಿ ಮಾತಾಡದ ಕಾಲ, ಅಳಿಯ ಮಾಡಿದ ಸಿನಿಮಾ, ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೆ ಎಂದು ಅಮ್ಮ ನನ್ನನ್ನೂ ಹೊರಡಿಸಿದ್ದಳು. ಚಿತ್ರಮಂದಿರದ ಕುರ್ಚಿಯ ಕೈಗೆ ಯಾರೋ ಚೂಯಿಂಗ್ ಗಮ್ ಅಂಟಿಸಿದ್ದರು, ಅಮ್ಮ ಕರವಸ್ತ್ರ ಹಾಸಿ ಕೈಯಿಟ್ಟಿದ್ದಳು, ಪರದೆಯ ಮೇಲೆ ಆ ಹೆಂಗಸು ಕೋಟು ತೊಟ್ಟು ಬಾಗಿಲಲ್ಲಿ ನಿಂತಳು, ಅಮ್ಮನ ಕೈ ಕರವಸ್ತ್ರದ ಮೇಲಿಂದ ಎದ್ದು ನನ್ನ ಮೊಣಕಾಲನ್ನು ಹಿಡಿಯಿತು, ಹಿಂಡಿತು, ಲೇ, ಅದು ನಮ್ಮ ಮಗೂದು ಕಣೇ, ಗುಂಡಿ ನೋಡು. ಅಂಗಡಿಯಲ್ಲಿ ಒಂದೇ ಥರದ ಗುಂಡಿ ಸಿಗದೆ ಕಾಲರಿಗೆ ತನ್ನ ಹಳೇ ಉಡುಪಿನದನ್ನು ಕಿತ್ತು ಹೊಲಿದವಳು ಅಮ್ಮ, ಮದುವೆಯ ವರ್ಷ ಕೊಟ್ಟ ಕೋಟು, ಸತ್ತ ಮೇಲೆ ಅದೊಂದನ್ನು ವಾಪಸು ಕೊಡಪ್ಪ, ಅವಳ ವಾಸನೆ ಇರುತ್ತೆ ಎಂದು ಅಮ್ಮ ಕೇಳಿದಾಗ ಭಾವ, ಅಯ್ಯೋ ಅತ್ತೆ, ಅನಾಥಾಶ್ರಮಕ್ಕೆ ಕೊಟ್ಬಿಟ್ನಲ್ಲ, ಎಂದಿದ್ದ. ಅದೇ ಕೋಟು ತೊಟ್ಟು ಪರದೆಯ ಹೆಂಗಸು ಸಕ್ಕರೆ ಡಬ್ಬಿಯಲ್ಲಿ ತಿರುಪುಳಿ ಬಚ್ಚಿಟ್ಟಳು, ಹಿಂದಿನ ಸಾಲಿನಿಂದ ಯಾರೋ ಕೂಗಿದ, ಲೇ ಮಾಟಗಾತಿ! ಅಮ್ಮ ಎದ್ದಳು, ಜನರ ಕಾಲು ತುಳಿಯುತ್ತಾ ಹೊರಗೆ ನಡೆದಳು, ಬಿಸಿಲಲ್ಲಿ ನಿಂತು ನಡುಗಿದಳು. ಕೊನೆ ಏನಾಯಿತೋ ನಾವಿಬ್ಬರೂ ನೋಡಲೇ ಇಲ್ಲ. ವಾರಕ್ಕೆಲ್ಲ ಸಿನಿಮಾ ಎತ್ತಂಗಡಿಯಾಯಿತು, ನನ್ನ ಹೊಟ್ಟೆಯುರಿ ತಟ್ಟಿತು ಎಂದು ಅಮ್ಮ ಸಾಯುವ ತನಕ ಹೇಳಿಕೊಂಡಳು, ಅಷ್ಟು ಸಮಾಧಾನದ ಮೇಲೆ ಉಳಿದ ಆಯುಸ್ಸನ್ನು ನೂಕಿದಳು, ಅಮ್ಮಾ, ನೀನು ಹೊರಗೆ ಬರಬಾರದಿತ್ತು, ಇನ್ನೊಂದು ಸ್ವಲ್ಪ ಹೊತ್ತು ಕೂತಿದ್ದರೆ ನಾನು ಅವತ್ತೇ ಶೂ ನೋಡಿರುತ್ತಿದ್ದೆ, ನೀನು ಬದುಕಿರುವಾಗಲೇ ನಾನು —

ಸತ್ತ ದಿನ ಅಕ್ಕ ಕನ್ನಡಕದ ಅಂಗಡಿಗೆ ಫೋನು ಮಾಡಿದ್ದಳು. ಆಗ ನಾನು ಆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು, ಯಜಮಾನರು ರಿಸೀವರು ಕೊಡುತ್ತಾ, ಬೇಗ ಮುಗಿಸಮ್ಮ ಎಂದು ಮುಖ ಗಂಟಿಕ್ಕಿದ್ದರು. ಸಂಜೆ ಬಂದ್ಬಿಡ್ತೀನಿ ಕಣೇ, ನಿನ್ನ ಪಕ್ಕದಲ್ಲೇ ಹಾಸಿಗೆ ಹಾಸಿಡು, ಅಮ್ಮಂಗೆ ಈಗಲೇ ಹೇಳ್ಬೇಡ. ಎಷ್ಟು ದಿನಕ್ಕೆ ಎಂದೆ. ಎಲ್ಲ ದಿನಕ್ಕೂ, ಎಂದಳು, ದನಿಯಲ್ಲಿ ನಗುವಿತ್ತು, ಶಾಲೆಗೆ ಚಕ್ಕರು ಹೊಡೆದವಳ ನಗು, ಅವರಿಗೆ ಹೇಳಿದೀನಿ, ಸುಮ್ನೆ ಕೂತಿದಾರೆ, ನಾನು ಪೆಟ್ಟಿಗೆ ಕಟ್ತಾ ಇದೀನಿ. ಪೆಟ್ಟಿಗೆ ಹೊರಲು ನಾನೂ ಬರುತ್ತೇನೆ ಎಂದು ಅರ್ಧ ದಿನದ ರಜೆ ಕೇಳಿ ಹೊರಟೆ, ಬಸ್ಸು ಸಿಗದೆ ನಡೆದೇ ಹೋದೆ, ಬಾಗಿಲು ತೆರೆದೇ ಇತ್ತು, ಕೆಳಗಿನ ಹಜಾರದ ಕಲ್ಲಿನ ಮೇಲೆ ಅಕ್ಕ ಮಲಗಿದ್ದಳು, ಕತ್ತು ಮಲಗುವವರ ಕತ್ತಲ್ಲ, ಒಂದು ಕಾಲು ಬರಿಗಾಲು, ಕಾಲುಚೀಲದ ಹೆಬ್ಬೆರಳಲ್ಲಿ ತೂತು. ಜನ ಬಂದು ಆ ತೂತು ನೋಡುತ್ತಾರೆ ಎಂದು ಮೊದಲು ಹೊಳೆದದ್ದು ಅದು, ಏಕೆಂದು ಗೊತ್ತಿಲ್ಲ, ತಲೆ ಎತ್ತಿದೆ, ಮೆಟ್ಟಿಲ ತಿರುವಿನಲ್ಲಿ ಅವಳ ಶೂ ನೆಟ್ಟಗೆ ನಿಂತಿತ್ತು, ಬಕಲು ಸಡಿಲವಾಗಿದೆ, ರಿಪೇರಿಗೆ ಕೊಡಬೇಕು ಎಂದು ದಿನಾ ಹೇಳಿ ದಿನಾ ಮರೆಯುತ್ತಿದ್ದ ಶೂ, ಗೋಡೆಗೆ ಹಿಮ್ಮಡಿ, ಹೊರಗೆ ಮೂತಿ. ಹತ್ತಿ ಹೋಗಿ ತಂದೆ, ತಂದು ತೊಡಿಸಿದೆ, ಕಾಲು ಇನ್ನೂ ಬೆಚ್ಚಗಿತ್ತು, ಚಿಕ್ಕವಳಿದ್ದಾಗ ನನಗೆ ಅವಳು ತೊಡಿಸುತ್ತಿದ್ದಳಲ್ಲ ಹಾಗೆ ಹಿಮ್ಮಡಿಗೆ ಬೆರಳು ಕೊಟ್ಟು, ಬಕಲು ಹಾಕಿ, ಆಮೇಲೆ ಕಿರುಚಿದೆ. ನೆರೆಯವರು ಬಂದರು, ಪೊಲೀಸರು ಬಂದರು, ರೇಲಿಂಗು ಮುರಿದಿದೆ, ಹಳೇ ಮರ, ಹುಳು ಹಿಡಿದಿದೆ, ಕಾಲು ಜಾರಿದೆ ಎಂದರು. ಭಾವ ಸ್ಟುಡಿಯೋದಿಂದ ಓಡಿ ಬಂದ, ಬೆಳಗ್ಗೆಯಿಂದ ಅಲ್ಲೇ ಇದ್ದೆ ಎಂದ, ಎದೆ ಬಡಿದುಕೊಂಡ. ಅವರಿಗೆ ಹೇಳಿದೀನಿ, ಸುಮ್ನೆ ಕೂತಿದಾರೆ — ಆ ಮಾತು ನಾನು ಹೇಳಿದೆ, ಇನ್ಸ್‌ಪೆಕ್ಟರು, ಅದು ಬೆಳಗ್ಗಿನ ತಿಂಡಿ ಹೊತ್ತಿಂದಿರ್ಬೇಕಮ್ಮ, ಆಮೇಲೆ ಅವ್ರು ಕೆಲ್ಸಕ್ಕೆ ಹೋಗಿದಾರೆ, ಎಂದು ಟೋಪಿ ಹಾಕಿಕೊಂಡರು. ಶೂ ವಿಷಯ ಯಾರೂ ಕೇಳಲಿಲ್ಲ, ಎರಡೂ ಕಾಲಲ್ಲೇ ಇತ್ತಲ್ಲ, ಕೇಳುವುದೇನು, ನಾನೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ, ಅದು ನನ್ನ ಮತ್ತು ಅಕ್ಕನ ನಡುವಿನದು.

ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡ ಹೆಂಗಸು ಮೈಕಿನಲ್ಲಿ ಕೇಳುತ್ತಿದ್ದಾಳೆ, ಎಲ್ಲಾ ಚೆನ್ನಾಗಿದೆ, ಆದ್ರೆ ಅವಳಿಗೆ ಗಂಡನ್ನ ಕೊಲ್ಲೋಕೆ ಕಾರಣ ಏನು ಅಂತ ಎಲ್ಲೂ ಬರಲೇ ಇಲ್ವಲ್ಲ, ನಾನು ಕಾಯ್ತಾನೇ ಇದ್ದೆ. ಭಾವ ತಲೆದೂಗಿದ, ಕೆಲವು ಹೆಂಗಸ್ರಿಗೆ ಕಾರಣ ಬೇಕಾಗಲ್ಲಮ್ಮ. ಈ ಸಲ ನಗು ಅರ್ಧಕ್ಕೇ ನಿಂತಿತು, ಆ ಹೆಂಗಸು ನಗಲಿಲ್ಲ, ಚೀಲದ ಹಿಡಿಕೆಯನ್ನು ಸುತ್ತಿ ಸುತ್ತಿ ಕೂತಳು, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ, ಇಷ್ಟು ಜನರಲ್ಲಿ ನೀನೊಬ್ಬಳಾದರೂ ಕೇಳಿದೆ. ನನ್ನ ಮುಂದಿನ ಸಾಲಿನಲ್ಲಿ ಕತ್ತಿನವರೆಗೆ ಕೂದಲು ಕತ್ತರಿಸಿದ ಹುಡುಗಿ ಎದ್ದಳು, ಮೈಕನ್ನು ಗಲ್ಲಕ್ಕೆ ತಾಗಿಸಿಕೊಂಡಳು, ಸರ್, ನಂಗೆ ಕಥೆ ಅಷ್ಟೇನೂ ಹಿಡಿಸ್ಲಿಲ್ಲ, ಹೆಂಡತಿ ಪಾತ್ರ ಅನ್ಯಾಯ ಅನ್ನಿಸ್ತು, ಆದ್ರೆ ಅವಳು ಬಿದ್ದಮೇಲೆ ಕ್ಯಾಮೆರಾ ಹೆಣ ತೋರಿಸಲ್ಲ, ಮೆಟ್ಟಿಲ ಮೇಲೆ ಉಳಿದಿರೋ ಆ ಒಂದು ಶೂನ ತೋರಿಸುತ್ತೆ, ತುಂಬಾ ಹೊತ್ತು ತೋರಿಸುತ್ತೆ, ಅದು ನೋಡಿ ನಂಗೆ ಮೈ ಜುಂ ಅಂತು, ಅದು ಹೇಗೆ ಹೊಳೀತು ನಿಮಗೆ? ಭಾವ ಕುರ್ಚಿಯಲ್ಲಿ ನೇರವಾದ, ಮುದುಕರಿಗೆ ಯಾರಾದರೂ ಹಳೇ ಫೋಟೋ ತೋರಿಸಿದಾಗ ಆಗುವ ಹಾಗೆ ಮುಖ ಬೆಳಗಿತು, ಕಣ್ಣು ಹುಡುಗಿಯ ತಲೆಯ ಮೇಲೆ ಎಲ್ಲೋ ನೆಟ್ಟಿದೆ, ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಇಲ್ಲಿಂದಲೇ ತಿಳಿಯುತ್ತದೆ, ಅವನಿಗೆ ನಾವೆಲ್ಲ ಬಣ್ಣದ ಗುಡ್ಡೆಗಳು. ಅದೇ ನನ್ನ ಸಿನಿಮಾ ಮಗಳೇ, ಎಂದ, ಉಳಿದಿದ್ದೆಲ್ಲ ಬರೆದಿದ್ದು, ಅದೊಂದು ಬರೆದಿದ್ದಲ್ಲ, ಅಂಥದ್ದು ಕೂತು ಯೋಚನೆ ಮಾಡಿದ್ರೆ ಬರಲ್ಲ, ಕಣ್ಣಿಗೆ ಬಿದ್ದಿರ್ಬೇಕು. ಎಲ್ಲಿ ಬಿತ್ತು ಸರ್ ನಿಮ್ಮ ಕಣ್ಣಿಗೆ, ಎಂದಳು ಹುಡುಗಿ. ಭಾವ ನೀರಿನ ಲೋಟಕ್ಕೆ ತಡಕಾಡಿದ, ಕುಡಿದ, ಎಲ್ಲೋ, ಯಾವುದೋ ಕಾಲದಲ್ಲಿ. ಚಪ್ಪಾಳೆ. ಗಡ್ಡದ ಮೇಷ್ಟರದ್ದೇ ಎಲ್ಲರಿಗಿಂತ ಜೋರು.

ಮೈಕು ಕೊಡಿ. ಕೇಳಿದ್ದು ನಾನೇನಾ, ಹುಡುಗಿ ತಿರುಗಿ ನೋಡುತ್ತಿದ್ದಾಳೆ, ಕೊಟ್ಟಳು, ಮೈಕು ಅವಳ ಅಂಗೈಯಿಂದ ಬೆಚ್ಚಗಿದೆ, ಏಳುವಾಗ ಕುರ್ಚಿ ಕರ್ ಎಂದಿತು, ಮೂಲೆಯಲ್ಲಿ ಕಾರ್ಯದರ್ಶಿಯ ವಿಡಿಯೋ ಕ್ಯಾಮೆರಾ ಮುಕ್ಕಾಲಿಯ ಮೇಲೆ ನಿಂತು ಕೆಂಪು ಚುಕ್ಕೆ ಮಿಟುಕಿಸುತ್ತಿದೆ, ಸಂಘದ ದಾಖಲೆಗೆ ಅಂತ ಮೊದಲೇ ಹೇಳಿದ್ದ, ಒಳ್ಳೆಯದಾಯಿತು, ಮಿಟುಕಿಸು. ಭಾವ, ಎಂದೆ. ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ, ಅವನ ತಲೆ ಮಾತ್ರ ಹಕ್ಕಿಯ ತಲೆಯ ಹಾಗೆ ಪಟಕ್ಕನೆ ಹೊರಳಿತು. ಭಾವ, ಆ ಶೂ ಮೆಟ್ಟಿಲ ಮೇಲೆ ಇತ್ತು ಅಂತ ನಿಮಗೆ ಯಾರು ಹೇಳಿದ್ರು? ಮಾತು ಎಷ್ಟು ಮೆಲ್ಲಗೆ ಬಂತು, ಗಿರಾಕಿಯ ಹತ್ತಿರ ಎಡಗಣ್ಣು ಮುಚ್ಚಿಕೊಳ್ಳಿ ಎನ್ನುವಷ್ಟು ಮೆಲ್ಲಗೆ, ನಾನು ಇದನ್ನು ಕಿರುಚಿ ಹೇಳುತ್ತೇನೆ ಎಂದುಕೊಂಡಿದ್ದೆ. ಅವತ್ತು ಅಕ್ಕ ಬಿದ್ದಿದ್ಲಲ್ಲ, ಆಗ ಆ ಶೂನ ನಾನು ತಂದು ಕಾಲಿಗೆ ತೊಡಿಸಿದೆ, ಯಾರೂ ಬರೋಕೆ ಮುಂಚೆ, ನೆರೆಯವರು ನೋಡಿಲ್ಲ, ಪೊಲೀಸರು ನೋಡಿಲ್ಲ, ಅಮ್ಮಂಗೂ ನಾನು ಹೇಳಿಲ್ಲ, ನೀವು ಸ್ಟುಡಿಯೋದಲ್ಲಿದ್ರಿ, ಪೊಲೀಸರಿಗೆ ಹಾಗಂತ ಬರೆದು ಕೊಟ್ಟಿದೀರಿ, ಮತ್ತೆ ನಿಮ್ಮ ಕಣ್ಣಿಗೆ ಅದು ಹೇಗೆ ಬಿತ್ತು? ಕಾರ್ಯದರ್ಶಿ ಅರ್ಧ ಎದ್ದ, ಮೇಡಂ, ದಯವಿಟ್ಟು ಸಿನಿಮಾ ಬಗ್ಗೆ ಮಾತ್ರ. ಸಿನಿಮಾ ಬಗ್ಗೆನೇ ಕೇಳ್ತಾ ಇದೀನಿ, ಎಂದೆ. ಪುಟ್ಟಿ, ಎಂದ ಭಾವ, ಅವನು ಮಾತ್ರ ಕರೆಯುತ್ತಿದ್ದ ಹೆಸರು, ಮದುವೆಯ ದಿನ ನನ್ನ ಜಡೆ ಎಳೆದು ಇಟ್ಟ ಹೆಸರು, ಮೈಕಿಗೆ ಬಾಯಿ ತಾಗಿತು, ಇಡೀ ಸಭಾಂಗಣದಲ್ಲಿ ಪುಟ್ಟಿ ಪುಟ್ಟಿ ಎಂದು ಮೊಳಗಿತು. ನಿಂಗೇನು ಗೊತ್ತು ಪುಟ್ಟಿ, ಸುಮ್ನೆ ಏನೇನೋ ಮಾತಾಡ್ಬೇಡ, ನೀನು ನನ್ನನ್ನ ಅಲ್ಲಿ ನೋಡಿದ್ಯಾ, ಇಲ್ವಲ್ಲ, ನೀನು ಬರೋಷ್ಟರಲ್ಲಿ ನಾನು ಹೊರಟಾಗಿತ್ತು.

ಹೊರಟಾಗಿತ್ತು. ಅವನ ಬಾಯಿಂದಲೇ, ಬೆಳಗ್ಗೆಯಿಂದ ಸ್ಟುಡಿಯೋದಲ್ಲೇ ಇದ್ದೆ ಎಂದವನ ಬಾಯಿಂದ. ಹೇಳಿದ್ದು ಅವನಿಗೇ ಇನ್ನೂ ಕೇಳಿಸಿಲ್ಲ, ಸೋತ ಮಗುವಿನ ಹಾಗೆ ತುಟಿ ಮುಂದೆ ಚಾಚಿಕೊಂಡು ಕೂತಿದ್ದಾನೆ, ಆಮೇಲೆ ಕೇಳಿಸಿತು, ನಾನು ನೋಡುತ್ತಲೇ ಇದ್ದೆ, ಮುಖದಿಂದ ರಕ್ತ ಇಳಿಯುವುದು ಹೇಗಿರುತ್ತದೆ ಎಂದು ಈಗ ಗೊತ್ತು, ಹಣೆಯಿಂದ ಶುರುವಾಗುತ್ತದೆ. ಉಣ್ಣೆಯ ಟೊಪ್ಪಿಯವರು ಇದೂ ಕಾರ್ಯಕ್ರಮದ ಭಾಗವೆಂದು ಒಂದೇ ಒಂದು ಚಪ್ಪಾಳೆ ತಟ್ಟಿ ಕೈಗಳನ್ನು ಹಾಗೇ ಜೋಡಿಸಿಕೊಂಡು ಉಳಿದರು. ಪಕ್ಕದವನು ಹೆಂಡತಿಯ ಕಿವಿಯಲ್ಲಿ, ಏನಂದ್ರು ಅವ್ರು, ಏನಂದ್ರು? ಹೆಂಡತಿ, ಶ್ಶ್, ಅವ್ರು ಅಲ್ಲಿದ್ರಂತೆ ಕಣ್ರೀ. ಕೈಚೀಲದ ಹೆಂಗಸು ಎದ್ದೇ ನಿಂತಳು. ಗಡ್ಡದ ಮೇಷ್ಟರು ನೆಲ ನೋಡುತ್ತಿದ್ದಾರೆ, ಈಗ ಹೇಳಿ ಮೇಷ್ಟ್ರೇ, ಯಾರು ಬೆಳಕಲ್ಲಿ ಕೂತಿದ್ದಾರೆ. ಕಾರ್ಯದರ್ಶಿ ಓಡಿ ಹೋಗಿ ಭಾವನ ಮೈಕು ಆರಿಸಿದ, ಟಕ್ ಎಂದಿತು, ಆಮೇಲೆ ಅವನ ಬೆರಳು ಕ್ಯಾಮೆರಾದ ಕಡೆ ಹೋಯಿತು, ಮುಟ್ಟಬೇಡಿ ಅದನ್ನ, ಎಂದೆ, ಈ ಸಲ ಮೆಲ್ಲಗಲ್ಲ, ಅದನ್ನ ಅಳಿಸಬೇಡಿ, ನಿಮ್ಮ ಮುಂದೆ ಇಷ್ಟು ಜನ ಸಾಕ್ಷಿ ಇದಾರೆ, ಅದು ನಂಗೆ ಬೇಕು, ನಾಳೆ ಬೆಳಗ್ಗೆ ಠಾಣೆಗೆ ತಗೊಂಡ್ಹೋಗ್ಬೇಕು. ಹುಡುಗಿ ಅವನಿಗಿಂತ ಮುಂಚೆ ಕ್ಯಾಮೆರಾ ಹತ್ತಿರ ಹೋಗಿ ಅದರ ಮುಂದೆ ನಿಂತಳು, ಕೈಕಟ್ಟಿ. ಕಾರ್ಯದರ್ಶಿ ಹಣೆ ಒರೆಸಿಕೊಂಡ, ನಾನ್ಯಾಕೆ ಅಳಿಸ್ಲಿ ಮೇಡಂ, ನಾನ್ಯಾಕೆ. ಸಿಹಿಯಾಗಿರುತ್ತದೆ ಎಂದುಕೊಂಡಿದ್ದೆ ಈ ಗಳಿಗೆ, ಸಿಹಿಯಲ್ಲ, ಹಲ್ಲು ಕಿತ್ತ ಜಾಗದ ಹಾಗೆ, ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಸಾಲದು, ಇನ್ನೂ ಬೇಕು, ಅಮ್ಮ ಬಿಸಿಲಲ್ಲಿ ನಡುಗಿದ್ದಕ್ಕೆ ಇನ್ನೂ ಬೇಕು, ಲೇ ಮಾಟಗಾತಿ ಎಂದು ಕೂಗಿಸಿದ್ದಕ್ಕೆ ಇನ್ನೂ ಬೇಕು.

ಭಾವ ಎದ್ದ. ಮೇಜಿನ ಅಂಚು ಹಿಡಿದು ಹಿಡಿದು ಕೊನೆಯವರೆಗೆ ಬಂದ, ಮೇಜು ಮುಗಿಯಿತು, ಅಲ್ಲಿಂದ ವೇದಿಕೆಯ ಮರದ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಏನೂ ಇಲ್ಲ, ಕೈ ಮೇಲೆದ್ದು ಗಾಳಿಯಲ್ಲಿ ಅತ್ತ ಇತ್ತ ತಡವಿತು, ಇನ್ನೊಂದು ಕೈಯಲ್ಲಿ ಊರುಗೋಲು, ಯಾರಾದ್ರೂ ಸ್ವಲ್ಪ ಹಿಡ್ಕೊಳ್ರಪ್ಪ, ಎಂದ. ಬರುವಾಗ ಎರಡೂ ರಟ್ಟೆ ಹಿಡಿದು ಹತ್ತಿಸಿದವರು ಈಗ ಎಲ್ಲಿದ್ದಾರೆ, ಕಾರ್ಯದರ್ಶಿ ವೈರು ಸುತ್ತುತ್ತಿದ್ದಾನೆ, ಮೇಷ್ಟರು ಕನ್ನಡಕ ಒರೆಸುತ್ತಿದ್ದಾರೆ, ಯಾರೂ ಕದಲುವುದಿಲ್ಲ, ನಾನು ಯಾವಾಗ ನಡೆದು ಇಲ್ಲಿಗೆ ಬಂದೆ, ಮೆಟ್ಟಿಲ ಬುಡದಲ್ಲಿ ನಿಂತಿದ್ದೇನೆ, ಎಲ್ಲರಿಗಿಂತ ಹತ್ತಿರ ನಾನೇ. ಉಸಿರು ಕೇಳಿ ಅವನಿಗೆ ಗೊತ್ತಾಯಿತು. ಪುಟ್ಟೀ, ನೀನೇ ಅಲ್ವಾ, ಕೈ ಕೊಡೇ, ಬೀಳ್ತೀನಿ ನಾನು. ಕೈ ನನ್ನ ಕಡೆ ತಿರುಗಿತು, ಅಂಗೈ ಮೇಲಾಗಿ, ಬೆರಳು ಅಗಲವಾಗಿ, ಉಗುರು ಚೆನ್ನಾಗಿ ಕತ್ತರಿಸಿದ್ದಾರೆ, ಯಾರೋ ನೋಡಿಕೊಳ್ಳುವವರಿದ್ದಾರೆ, ಅಕ್ಕನ ಬೆನ್ನ ಮೇಲೆ ಬಂದದ್ದು ಈ ಕೈಯಾ, ಅಥವಾ ಬೀಳುತ್ತಾ ಅವಳು ಹಿಡಿಯಲು ಚಾಚಿದಾಗ ಹಿಂದಕ್ಕೆ ಸರಿದದ್ದು ಈ ಕೈಯಾ, ಅದನ್ನೂ ಹೇಳಿಸುತ್ತಾರೆ ನಿನ್ನ ಹತ್ತಿರ, ನಾನು ಹೇಳಿಸುತ್ತೇನೆ, ನನ್ನ ಎರಡೂ ಕೈ ಜೇಬಿನಲ್ಲಿವೆ, ಮುಷ್ಟಿ ಬಿಗಿದು ಉಗುರು ನಾಟುತ್ತಿದೆ, ಬಿಡುವುದಿಲ್ಲ, ತೆಗೆಯುವುದಿಲ್ಲ, ಪುಟ್ಟೀ ಎನ್ನುತ್ತಿದ್ದಾನೆ, ಕೈ ಇನ್ನಷ್ಟು ಮುಂದೆ ಬಂತು, ನನ್ನ ಮುಖಕ್ಕೆ ಗೇಣು ದೂರ, ಕೈ, ಗಾಳಿಯಲ್ಲಿ, ಮುಚ್ಚಿತು, ತೆರೆಯಿತು, ಏನೂ ಸಿಗಲಿಲ್ಲ, ಮುಚ್ಚಿತು, ತೆರೆಯಿತು, ಆ ಕೈ